ಹೊಟ್ಟೆ ಖಾಲಿ ಇದೆಯಾ? ಸ್ಕ್ಯಾನ್ ಹಾಕಿ ನೋಡಿ

ಕೋಲಾರದಲ್ಲಿ ಅರಿವಳಿಕೆ ವೈದ್ಯೆ ನಾನು. ಆಪರೇಷನ್‌ಗೆ ಮುಂಚೆ ಎಲ್ಲರನ್ನೂ ಕೇಳುವುದು ಒಂದೇ, "ಕೊನೇದಾಗಿ ಏನು ತಿಂದ್ರಿ, ಎಷ್ಟೊತ್ತಿಗೆ?" ನೀರಾದರೆ 2 ಗಂಟೆ, ಹಗುರ ತಿಂಡಿಗೆ 6, ಎಣ್ಣೆ-ಮಾಂಸದೂಟಕ್ಕೆ 8 ಗಂಟೆ ಬಿಡಬೇಕು. ಹಾಲು ಹಾಕಿದ ಕಾಫಿಗೂ 6 ಗಂಟೆ. ಇದನ್ನು ವಾರ್ಡಿನಲ್ಲಿ ಎಷ್ಟು ಸಲ ಹೇಳಿದರೂ ಸಾಲದು. ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಆದರೆ ಈ ಲೆಕ್ಕ ಆರೋಗ್ಯವಂತರ ಹೊಟ್ಟೆಯದು. ಮುಳಬಾಗಿಲು ಕಡೆಯ ಅಜ್ಜಿಯೊಬ್ಬರಿಗೆ ಬಹಳ ವರ್ಷದ ಶುಗರ್, ಜೊತೆಗೆ ಸೊಂಟದ ಮೂಳೆ ಮುರಿದ ನೋವು. ಎರಡೂ ಜಠರವನ್ನು ನಿಧಾನ ಮಾಡುತ್ತವೆ. "ರಾತ್ರಿ ಮುದ್ದೆ ಉಂಡಿದ್ದೇ ಕಣಮ್ಮಾ, ಆಮೇಲೆ ನೀರೂ ಮುಟ್ಟಿಲ್ಲ" ಅಂದರು. ಆಗ ಮಧ್ಯಾಹ್ನವಾಗಿತ್ತು. ಎದೆಗೂಡಿನ ಕೆಳಗೆ ಅಲ್ಟ್ರಾಸೌಂಡ್ ಸ್ಕ್ಯಾನ್‌ನ ಪ್ರೋಬ್ ಇಟ್ಟೆ. ಲಿವರ್ ಮತ್ತು ಪ್ಯಾಂಕ್ರಿಯಾಸ್ ನಡುವೆ ಜಠರದ ಕೆಳಭಾಗ, ಅಂದರೆ ಆ್ಯಂಟ್ರಮ್, ಸಿಗುತ್ತದೆ. ಖಾಲಿಯಿದ್ದರೆ ಅದು ಚಪ್ಪಟೆಯಾಗಿ, ಇಲ್ಲವೇ ಸಣ್ಣ ಬಳೆಯ ಹಾಗೆ ಕಾಣಬೇಕು. ಇವರದು ಉಬ್ಬಿತ್ತು, ಒಳಗೆಲ್ಲ ಗಟ್ಟಿ ಆಹಾರ.

ಪಕ್ಕದಲ್ಲಿದ್ದವರು "ಬೆಳಿಗ್ಗೆ ಏನೋ ತಿಂದಿದ್ದಾರೆ, ಹೇಳ್ತಿಲ್ಲ" ಅಂದರು. ನನಗೆ ಸಂಕಟವಾಯಿತು. ಅಜ್ಜಿ ಹೇಳಿದ್ದು ನಿಜ, ಹೊಟ್ಟೆ ಮುಂದೆ ಸಾಗಿಸಿರಲಿಲ್ಲ. ಸರ್ಜನ್‌ಗೆ ಸ್ಕ್ರೀನ್ ತೋರಿಸಿದೆ, ಆಪರೇಷನ್ ಮರುದಿನಕ್ಕೆ ಹೋಯಿತು.

ಗಟ್ಟಿ ಆಹಾರ ಕಂಡರೆ ಅಳತೆಯೇ ಬೇಡ, ಹೊಟ್ಟೆ ತುಂಬಿದೆ ಅಂತಲೇ ಲೆಕ್ಕ. ಅಳೆಯುವುದು ತಿಳಿ ದ್ರವಕ್ಕೆ. ಅದಕ್ಕೆ ರೋಗಿಯನ್ನು ಬಲ ಮಗ್ಗುಲಿಗೆ ತಿರುಗಿಸಬೇಕು, ದ್ರವ ಆ್ಯಂಟ್ರಮ್‌ಗೆ ಇಳಿದು ನಿಲ್ಲುತ್ತದೆ. ಅಂಗಾತ ಮಲಗಿದಾಗ ಏನೂ ಕಾಣಲಿಲ್ಲವೆಂದು ಖಾಲಿ ಅಂತ ಬರೆಯಬೇಡಿ. ಇನ್ನೊಂದು, ಜಠರ ನಿಮಿಷಕ್ಕೆ ಸುಮಾರು 3 ಸಲ ಹಿಂಡಿಕೊಳ್ಳುತ್ತದೆ. ಹಿಂಡುವಾಗ ಅಳೆದರೆ ದ್ರವ ಕಡಿಮೆ ಅನ್ನಿಸುತ್ತದೆ. ಅವಸರ ಮಾಡದೆ ಕಾದು, ಸಡಿಲವಾದಾಗ ಚಿತ್ರ ನಿಲ್ಲಿಸಿ ಹೊರಗೋಡೆಯವರೆಗೆ ಅಳೆಯಿರಿ.

ಸೂತ್ರ ಸುಲಭ: ಚಿತ್ರದಲ್ಲಿ ಅಳೆದ ಆ್ಯಂಟ್ರಮ್‌ನ ವಿಸ್ತೀರ್ಣವನ್ನು 14.6ರಿಂದ ಗುಣಿಸಿ, 27 ಕೂಡಿಸಿ, ವಯಸ್ಸಿನ 1.28 ಪಟ್ಟು ಕಳೆಯಿರಿ. 40 ವರ್ಷದ, 60 ಕಿಲೋ ತೂಕದವರಲ್ಲಿ 10 ಚದರ ಸೆಂಟಿಮೀಟರ್ ಬಂದರೆ ಹೊಟ್ಟೆಯಲ್ಲಿ ಸುಮಾರು 122 ಮಿಲಿಲೀಟರ್ ದ್ರವ. ಕಿಲೋಗೆ 1.5 ಮಿಲಿಲೀಟರ್, ಅಂದರೆ ಇವರಿಗೆ 90, ದಾಟಿದರೆ ನಾನು ಹೊಟ್ಟೆ ತುಂಬಿದೆ ಅಂತಲೇ ನಡೆದುಕೊಳ್ಳುತ್ತೇನೆ.

ಜಠರ ಎಷ್ಟು ನಿಧಾನ ಅಂತ ಖಚಿತವಾಗಿ ತಿಳಿಯಲು ಪರೀಕ್ಷೆ ಬೇರೆಯೇ ಇದೆ. ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಬೆರೆಸಿದ ಮೊಟ್ಟೆ ತಿನ್ನಿಸಿ 4 ಗಂಟೆವರೆಗೆ ಚಿತ್ರ ತೆಗೆಯುತ್ತಾರೆ. ಕೊನೆಗೂ 10%ಗಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನವೇ. ನಮ್ಮಲ್ಲಿ ಆ ಸೌಲಭ್ಯವಿಲ್ಲ. ಆದರೆ ನರಕ್ಕೆ ಇಂಜೆಕ್ಷನ್ ಕೊಡುವಾಗ ಬಳಸುವ ಸ್ಕ್ಯಾನ್ ಮೆಷೀನ್ ಓ.ಟಿ.ಯಲ್ಲೇ ಇದೆ. ಹಳೇ ಶುಗರ್ ಇರುವವರು ಎಷ್ಟೇ ಹೊತ್ತು ಉಪವಾಸವಿದ್ದು ಬಂದರೂ ಮೊದಲು ಅದನ್ನು ಅವರ ಮಂಚದ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತೇನೆ.