ಮಂಗಟ್ಟೆ ನೋಡಲು ಹೋದವರು

ಮೂಡಿಗೆರೆ ಹತ್ತಿರದ ತೋಟದ ಗೇಟಿಗೆ ತಲುಪಿದಾಗ ಬೆಳಗ್ಗೆ ಆರೂಕಾಲು. ಮಾರ್ಚ್ ತಿಂಗಳು. ಹತ್ತು ದಿನದ ಹಿಂದೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗಾಗಿದ್ದವು. ನಾವು ಹನ್ನೊಂದು ಜನ. ಗೇಟಿನ ಪಕ್ಕದ ಮರದ ಕೆಳಗೆ ಕಾರು ನಿಲ್ಲಿಸಿ, ತಲೆಯೂ ಎತ್ತದೆ ಒಳಗೆ ನಡೆದೆವು. ಎಲ್ಲರಿಗೂ ಬೇಕಾಗಿದ್ದು ಒಂದೇ ಹಕ್ಕಿ, ದೊಡ್ಡ ಕೊಕ್ಕಿನ ಮಂಗಟ್ಟೆ (ಹಾರ್ನ್‌ಬಿಲ್).

ಕುಟ್ರು ಹಕ್ಕಿಗಳು ಸುತ್ತಲೂ ಕೂಗುತ್ತಿದ್ದವು. ಒಂದೂ ಕಾಣಲಿಲ್ಲ. "ಎಲೆ ಅಲ್ಲಾಡೋ ಕಡೆ ನೋಡಿ" ಅಂದರು ನಮ್ಮನ್ನು ಕರೆದುಕೊಂಡು ಹೋಗಿದ್ದ ಮೇಷ್ಟ್ರು. ಗಾಳಿಗೆ ಎಲ್ಲ ಎಲೆಯೂ ಅಲ್ಲಾಡುತ್ತಿತ್ತು! ದಾರಿಯಲ್ಲಿ ಕಾಟಿಯ (ಕಾಡುಕೋಣದ) ಹಸಿ ಸಗಣಿ ಕಂಡ ಮೇಲೆ ಮಾತ್ರ ಗುಂಪು ಪಿಸುಮಾತಿಗೆ ಇಳಿಯಿತು.

ಮಂಗಟ್ಟೆ ದೂರದಲ್ಲಿ ಒಮ್ಮೆ ಕೇಕೆ ಹಾಕಿತು, ಅಷ್ಟೇ. ಇದು ಅದರ ಮರಿ ಮಾಡುವ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. "ಗಂಡ ಸಂತೆಗೆ ಹೋಗಿದ್ದಾನೆ, ಕಾಯಬೇಕು" ಅಂದರು ಮೇಷ್ಟ್ರು. ಮುಕ್ಕಾಲು ಗಂಟೆ ಕಾದೆವು. ಗಂಡ ಬರಲಿಲ್ಲ.

ಒಂಬತ್ತೂವರೆಗೆ ಸುಸ್ತಾಗಿ ವಾಪಸ್ ಬಂದರೆ ಕಾರಿನ ತುಂಬ ಕೆಂಪು ಎಸಳು, ಹಿಕ್ಕೆ. ಆಗ ತಲೆ ಎತ್ತಿದೆವು. ಅದು ಹಾಲುವಾಣ. ಒಂದು ಎಲೆಯಿಲ್ಲ, ಮೈತುಂಬ ಹೂ. ಭೀಮರಾಜ ಉದ್ದ ಬಾಲದ ಎರಡು ಗರಿ ತೂಗುತ್ತಾ ಬೇರೆ ಹಕ್ಕಿಗಳನ್ನು ಓಡಿಸುತ್ತಿತ್ತು. ಪಿಕಳಾರ, ಸೂರಕ್ಕಿ, ಎಲೆಹಕ್ಕಿ, ಹಣೆಗೆ ಪರಾಗ ಮೆತ್ತಿಕೊಂಡ ಮೈನಾ. ಮೇಲಿನ ಕೊಂಬೆಯಲ್ಲಿ ಕೆಂದಳಿಲೊಂದು ಹೂ ಕಿತ್ತು ತಿನ್ನುತ್ತಿತ್ತು. ಮೂರು ಗಂಟೆ ನಡೆದು ಕಂಡದ್ದಕ್ಕಿಂತ ಜಾಸ್ತಿ ಜೀವಗಳು ಅಲ್ಲೇ ನಿಂತು ಅರ್ಧ ಗಂಟೆಯಲ್ಲಿ ಸಿಕ್ಕವು. ಗೇಟಿನದ್ದು ಅಂತ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯವರು ಅದನ್ನು ಸುಮ್ನೆ ಬಿಟ್ಟಿರಬೇಕು.

ನಾನು ಹುಟ್ಟಿದ್ದೂ ತೋಟದಲ್ಲೇ. ಮೆಣಸಿನ ಬಳ್ಳಿ ಹಬ್ಬಿಸಲು, ನೆರಳಿಗೆ, ಎಲ್ಲಕ್ಕೂ ಹಾಲುವಾಣವೇ ಇತ್ತು. 2005ರ ಆಚೀಚೆ ಎಲೆಯಲ್ಲಿ ಗಂಟು ಕಟ್ಟಿಸುವ ಪುಟ್ಟ ಕಣಜವೊಂದು ಬಂತು. ಚಿಗುರೆಲ್ಲ ಊದಿಕೊಂಡು ಮುದುಡಿತು. ಅಪ್ಪ ಒಂದೊಂದಾಗಿ ಮರ ತೆಗೆಸಿ ಸಿಲ್ವರ್ ಓಕ್ ಹಾಕಿದರು. ನೆಟ್ಟಗೆ ಬೆಳೆಯುತ್ತೆ, ಮರಕ್ಕೆ ದುಡ್ಡೂ ಬರುತ್ತೆ. ತಪ್ಪು ಅಂತ ನಾನು ಹೇಳಲಾರೆ, ಆ ದುಡ್ಡಿನಲ್ಲೇ ನಾನು ಓದಿದ್ದು. ಆದರೆ ನಮ್ಮ ತೋಟದ ಬೆಳಗು ಯಾವಾಗಿನಿಂದ ಇಷ್ಟು ಸದ್ದಿಲ್ಲದಾಯಿತು ಅಂತ ಯೋಚಿಸಿಯೇ ಇರಲಿಲ್ಲ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಹಾಲುವಾಣಕ್ಕೆ ಹಕ್ಕಿ ಬರ್ತವೆ ಅಂತ ತಿಳ್ಕೊಳ್ಳೋಕೆ ಬೇರೆಯವರ ತೋಟಕ್ಕೆ ಹೋಗ್ಬೇಕಿತ್ತಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಎಲೆಯಲ್ಲಿ ಗಂಟಿದೆಯಾ ನೋಡು."

"ಈಗ ಎಲೆಯೇ ಇಲ್ಲ ಅಪ್ಪ."

"ಹಾಗಾದ್ರೆ ಚಿಗುರಿದ ಮೇಲೆ ಇನ್ನೊಂದ್ಸಲ ಹೋಗು. ಚೆನ್ನಾಗಿದ್ರೆ ಎರಡು ಕೊಂಬೆ ಗೂಟ ಕೇಳ್ಕೊಂಡು ಬಾ. ಮಳೆ ಹಿಡಿದ ಮೇಲೆ ನೆಡೋಣ."