ಆ ಕಡೆಯ ಮೂವತ್ತೆರಡು

‘ಸರ್, ಈ ಕಡೆ ಮೂವತ್ತೆರಡು ಇದೆ. ಆ ಕಡೆ ಎಲ್ಲಿದೆ?’

ಮೂರು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ ಹುಡುಗಿ ಮೀಟಿಂಗಿನಲ್ಲಿ ಕೇಳಿದ್ದು. ನಾನು ಗಡಿಯಾರ ನೋಡಿಕೊಂಡು ‘ಅದನ್ನು ಆಮೇಲೆ ನೋಡೋಣ’ ಎಂದೆ. ಆ ‘ಆಮೇಲೆ’ ಬರಲು ಹದಿನೆಂಟು ದಿನ ಹಿಡಿಯಿತು.

ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, ಸರಿಪಡಿಸಲು ಎಲ್‌ಡಿಪಿಸಿ ಎಂಬ ಸಂಕೇತಗಳಿವೆ. ಅವುಗಳನ್ನು ಬಿಡಿಸುವ ನಮ್ಮ ಡಿಕೋಡರ್‌ಗೆ ವಿಚಿತ್ರ ರೋಗ ಹತ್ತಿತ್ತು. ಸಿಗ್ನಲ್ ಮಂದವಾಗಿದ್ದಾಗ ತಕರಾರಿಲ್ಲದೆ ದುಡಿಯುತ್ತಿದ್ದ, ಡಿಕೋಡರ್ ತುಂಬಿದ್ದ ಎಫ್‌ಪಿಜಿಎ ಚಿಪ್, ಸಿಗ್ನಲ್ ಚೊಕ್ಕಟವಾದಷ್ಟೂ ತಪ್ಪು ಉಗುಳುತ್ತಿತ್ತು. ಸಂತೆಯಲ್ಲಿ ಕೇಳಿಸಿದ ಮಾತು ದೇವರಮನೆಯಲ್ಲಿ ಕೇಳಿಸದ ಹಾಗೆ. ಅಳತೆಯ ಉಪಕರಣ ಕೆಟ್ಟಿದೆ ಎಂದ ಒಬ್ಬ ಸಹೋದ್ಯೋಗಿ. ಅವನ ಪಾಲಿಗೆ ಯಾವಾಗಲೂ ಉಪಕರಣವೇ ಕೆಟ್ಟಿರುತ್ತದೆ. ನಾನು ಇನ್ನೂ ದೊಡ್ಡವರ ತಲೆಗೆ ಕಟ್ಟಿದೆ. ರಾಬರ್ಟ್ ಗ್ಯಾಲಗರ್ 1960ರಲ್ಲಿ ಎಂಐಟಿಯ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಕೊಟ್ಟ ಈ ಸಂಕೇತಗಳು ಅಂದಿನ ಯಂತ್ರಗಳಿಗೆ ಭಾರವಾಗಿ ಮೂರು ದಶಕ ಮೂಲೆ ಸೇರಿದ್ದವು. ಇಂದು 5ಜಿಯ ಡೇಟಾ ಸಾಗುವುದು ಅವುಗಳ ಬೆನ್ನೇರಿಯೇ. ದೋಷ ಒಂದು ಮಟ್ಟಕ್ಕೆ ಇಳಿದ ಮೇಲೆ ಮುಂದೆ ಇಳಿಯಲು ಹಟ ಮಾಡುವುದು ಅವುಗಳ ಹುಟ್ಟುಗುಣ. ‘ಇದು ಎರರ್ ಫ್ಲೋರ್’ ಎಂದು ತೀರ್ಪು ಕೊಟ್ಟೆ. ಯಾರೂ ಮರುಮಾತಾಡಲಿಲ್ಲ; ತಲೆ ನರೆತಿದ್ದರೆ ಇದೊಂದು ಅನುಕೂಲ. ಫ್ಲೋರ್ ಎಂದರೆ ನೆಲ, ನೆಲ ಎಲ್ಲಾದರೂ ಮೇಲೇರುತ್ತದೆಯೇ ಎಂದು ನನಗೇ ಹೊಳೆಯಲಿಲ್ಲ.

ರೋಗದ ಮೂಲ ಆ ಹುಡುಗಿಯ ಪ್ರಶ್ನೆಯಲ್ಲೇ ಇತ್ತು. ನಮ್ಮ ಡಿಕೋಡರ್ ಒಂದೊಂದು ಬಿಟ್‌ನ ಮೇಲಿನ ನಂಬಿಕೆಯನ್ನೂ -32ರಿಂದ +31ರವರೆಗಿನ ಆರು ಬಿಟ್‌ಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಧನವಾದರೆ ಬಿಟ್ ಸೊನ್ನೆ, ಋಣವಾದರೆ ಒಂದು; ಚಿಹ್ನೆ ಬಿಟ್ಟು ಸಂಖ್ಯೆ ದೊಡ್ಡದಾದಷ್ಟೂ ನಂಬಿಕೆ ಗಟ್ಟಿ. ಸೊನ್ನೆ ಕುಳಿತಿರುವುದು ಧನ ಸಂಖ್ಯೆಗಳ ಸಾಲಿನಲ್ಲಿ. ಹಾಗಾಗಿ ಆ ಕಡೆ ಒಂದು ಕಡಿಮೆ. -32ರ ಚಿಹ್ನೆ ಕಿತ್ತು ಐದು ಬಿಟ್‌ಗಳಿಗೆ ತುರುಕಿದರೆ ಉಳಿಯುವುದು ಸೊನ್ನೆ. ‘ನಾನು ಒಂದೇ, ಅನುಮಾನವೇ ಬೇಡ’ ಎಂದು ಎದೆ ತಟ್ಟಿದ ಬಿಟ್, ಮರುಕ್ಷಣ ‘ನನಗೇನೂ ತಿಳಿಯದು’ ಎನ್ನುತ್ತಿತ್ತು. ಗುಂಪಿನಲ್ಲಿ ಅತಿ ಕಡಿಮೆ ನಂಬಿಕೆ ಇರುವವನನ್ನೇ ಅಳತೆಗೋಲು ಮಾಡಿಕೊಳ್ಳುವುದು ನಮ್ಮ ಡಿಕೋಡರ್ ಬಳಸುವ ಮಿನ್-ಸಮ್ ವಿಧಾನದ ಪದ್ಧತಿ. ಹಾಗಾಗಿ ನೆರೆಯ ಬಿಟ್‌ಗಳಿಗೂ ಅದರಿಂದ ಸುದ್ದಿ ಹೋಗುತ್ತಿರಲಿಲ್ಲ. ಸಿಗ್ನಲ್ ಚೆನ್ನಾದಷ್ಟೂ ಎದೆ ತಟ್ಟುವವರು ಹೆಚ್ಚು, ಮೂಕರಾಗುವವರೂ ಹೆಚ್ಚು.

ಮೊದಲೇ ಕಂಪ್ಯೂಟರ್‌ನಲ್ಲಿ ನಡೆಸಿದ ಅಣಕು ಪರೀಕ್ಷೆಯಲ್ಲಿ, ಅಂದರೆ ಸಿಮ್ಯುಲೇಷನ್‌ನಲ್ಲಿ, ಇದು ಏಕೆ ಸಿಗಲಿಲ್ಲ? ಅಲ್ಲಿ ನಾವು ಬರೀ ಸೊನ್ನೆಗಳನ್ನೇ ಕಳುಹಿಸುತ್ತಿದ್ದೆವು. ಲೆಕ್ಕ ಹಗುರವಾಗುತ್ತದೆಂದು ಈ ವೃತ್ತಿಯವರು ಸಾಮಾನ್ಯವಾಗಿ ಮಾಡುವುದೇ ಹೀಗೆ. ಎಲ್ಲವೂ ಸೊನ್ನೆಯಾದಾಗ -32ರ ಕಡೆಗೆ ತಲೆಹಾಕುವವರು ಯಾರು?

ಗುರುವಾರ ಸಂಜೆ ಅವಳೇ ಒಂದು ಸಾಲು ತಿದ್ದಿದಳು: ಕೆಳಗಿನ ಮಿತಿ -31. ಕಾಫಿ ಆರುವುದರೊಳಗೆ ದೋಷದ ಗ್ರಾಫ್ ಸರ್ರನೆ ಇಳಿಯಿತು. ‘ನಮ್ಮ ತಂಡದ ಸಾಧನೆ’ ಎಂದು ಮ್ಯಾನೇಜರ್ ಮೇಲ್ ಕಳುಹಿಸಿದರು. ಸ್ಲೈಡ್ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಆ ಕಡೆ ಎಲ್ಲಿದೆ? ಎರಡು ದಿನದಿಂದ ಸ್ನಾನಕ್ಕೆ ನಿಂತರೂ ಅದೇ ಪ್ರಶ್ನೆ. ಶುಕ್ರವಾರ ಅವಳ ಮೇಜಿನ ಹತ್ತಿರ ಹೋಗಿ, ‘ಅವತ್ತೇ ಕೇಳಿಸಿಕೊಳ್ಳಬೇಕಿತ್ತು’ ಎಂದೆ.

‘ನಾನು ಮರೆತೇ ಬಿಟ್ಟಿದ್ದೆ ಸರ್’ ಎಂದು ನಕ್ಕಳು.

ಮುಂದೆ ತೆರೆದಿದ್ದ ಅವಳ ನೋಟ್‌ಬುಕ್‌ನಲ್ಲಿ, ಆ ಮೀಟಿಂಗಿನ ದಿನಾಂಕದ ಕೆಳಗೆ, ನೀಲಿ ಶಾಯಿಯಲ್ಲಿ ‘-32?’ ಎಂದಿತ್ತು. ಅದರಡಿ ಎರಡು ಗೆರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಆಮೇಲೆ’.