ನೀಲಿ ಟೋಪಿ ಕಾರ್ಡುಗಳು: ಪಟೌಡಿವರೆಗೆ ಬಂತು

ಆಕ್ಸ್‌ಫರ್ಡ್, ಕೇಂಬ್ರಿಜ್ ಯೂನಿವರ್ಸಿಟಿ ಕ್ರಿಕೆಟ್ ತಂಡಗಳಿಗೆ ಆಡಿದ ನಮ್ಮ ಕಡೆಯವರ ಕಾರ್ಡ್ ಸೆಟ್ ಅರ್ಧ ದಾಟಿದೆ. ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಹಾಳೆ. ಮುಂದುಗಡೆ ಟೋಪಿ ಹಾಕಿದ ಆಟಗಾರ, ಹಿಂದುಗಡೆ ಕನ್ನಡದಲ್ಲಿ ಅವನ ಕಥೆ, ಕೆಳಗೆ ಒಂದೇ ಒಂದು ಸ್ಕೋರು.

ಈ ಸಲ ಜಾಸ್ತಿ ಹೊತ್ತು ತಿಂದದ್ದು ಬಣ್ಣ. ಆಕ್ಸ್‌ಫರ್ಡ್‌ದು ಸುಲಭ: ಕಡು ನೀಲಿಗೆ ಸ್ವಲ್ಪ ಕಪ್ಪು ಸೇರಿಸಿದರೆ ಮುಗಿಯಿತು. ಕೇಂಬ್ರಿಜ್‌ನವರದ್ದು ಹೆಸರಿಗೆ ತಿಳಿ ನೀಲಿ, ಕಣ್ಣಿಗೆ ಹೆಚ್ಚುಕಮ್ಮಿ ಹಸಿರು. ಬಿಳಿ ಪೋಸ್ಟರ್ ಕಲರ್‌ಗೆ ನೀಲಿ ಹಾಕಿ, ಬ್ರಶ್ಶಿನ ತುದಿಯಲ್ಲಿ ಹಳದಿ ಮುಟ್ಟಿಸಿ, ಕೊನೆಗೆ ಬೂದು ಬಣ್ಣದ ಒಂದು ತೊಟ್ಟು. ಒದ್ದೆ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಹಾಗಾಗಿ ಎಲ್ಲ ಕೇಂಬ್ರಿಜ್ ಟೋಪಿಗಳನ್ನೂ ಒಂದೇ ಬಟ್ಟಲಿನ ಬಣ್ಣದಲ್ಲಿ ಒಟ್ಟಿಗೆ ಮುಗಿಸಿಬಿಟ್ಟೆ. ಮುಖಗಳು ನಿಧಾನಕ್ಕೆ ಬರಲಿ.

ಮೊದಲ ಕಾರ್ಡಿನಲ್ಲಿ ಆಟಗಾರನೇ ಇಲ್ಲ, ಈ ಎರಡು ಯೂನಿವರ್ಸಿಟಿಗಳ ಮೊದಲ ಪಂದ್ಯ ಇದೆ: 1827, ಲಂಡನ್ನಿನ ಲಾರ್ಡ್ಸ್ ಮೈದಾನ. ಕವಿ ವರ್ಡ್ಸ್‌ವರ್ತ್ ಅವರ ಅಣ್ಣತಮ್ಮಂದಿರ ಮಗ ಚಾರ್ಲ್ಸ್ ವರ್ಡ್ಸ್‌ವರ್ತ್ ಮುಂದೆ ನಿಂತು ನಡೆಸಿದ್ದು. ಮಳೆ ಬಂದು ಡ್ರಾ ಆಯಿತು. ಎರಡೇ ವರ್ಷಕ್ಕೆ, 1829ರಲ್ಲಿ, ಅದೇ ಮನುಷ್ಯ ದೋಣಿ ಪಂದ್ಯವನ್ನೂ ಶುರು ಮಾಡಿಸಿದರು. ದೋಣಿಯ ವಿಷಯ ಇಲ್ಲಿಗೇ ಬಿಡುತ್ತೇನೆ, ಅದು ಬೇರೆಯೇ ಸೆಟ್ ಆಗುತ್ತದೆ.

ರಣಜಿತ್‌ಸಿನ್ಹಜಿ ಕಾರ್ಡಿನಲ್ಲಿ ಎಲ್ಲರೂ 1896ರ ಮ್ಯಾಂಚೆಸ್ಟರ್ ಟೆಸ್ಟಿನ ಔಟಾಗದ 154 ಬರೆಯುತ್ತಾರೆ. ನಾನು ನೆಟ್ಸ್ (ಬಲೆಯೊಳಗಿನ ಅಭ್ಯಾಸ) ಚಿತ್ರ ಹಾಕಿದೆ. ವೇಗದ ಚೆಂಡು ಬಂದಾಗ ಬಲಗಾಲು ಹಿಂದೆ ಸರಿಯುತ್ತಿತ್ತಂತೆ. ಕೋಚ್ ಡ್ಯಾನ್ ಹೇವರ್ಡ್ ಆ ಕಾಲನ್ನು ನೆಲಕ್ಕೆ ಕಟ್ಟಿಹಾಕಿ ಆಡಿಸಿದರು. ಕಾಲು ಆಡಿಸುವ ಹಾಗಿಲ್ಲ, ಚೆಂಡು ಮೈಮೇಲೆ ಬರುತ್ತಿದೆ, ಉಳಿದದ್ದು ಮಣಿಕಟ್ಟು ಮಾತ್ರ. ಮಣಿಕಟ್ಟು ತಿರುಗಿಸಿ ಚೆಂಡನ್ನು ಕಾಲಿನ ಬದಿಗೆ ಜಾರಿಸುವ ಲೆಗ್ ಗ್ಲಾನ್ಸ್ ಹುಟ್ಟಿದ್ದೇ ಹೀಗೆ ಅಂತಾರೆ. ಚಿತ್ರದಲ್ಲಿ ಮುಖಕ್ಕಿಂತ ಆ ಹಗ್ಗ, ಗೂಟ ಎದ್ದು ಕಾಣಬೇಕು ಅಂತ ಅವನ್ನು ಇಂಕಿನಲ್ಲಿ ಬರೆದೆ, ಮುಖಕ್ಕೆ ಪೆನ್ಸಿಲ್ ಸಾಕಾಯಿತು.

ಇದರ ಹಿಂಬದಿಯಲ್ಲಿ ಇನ್ನೊಬ್ಬರಿಗೆ ಜಾಗ ಕೊಡಲೇಬೇಕಾಯಿತು. 1892ರಲ್ಲಿ ಕೇಂಬ್ರಿಜ್ ನಾಯಕ ಸ್ಟ್ಯಾನ್ಲಿ ಜಾಕ್ಸನ್. ಆ ವರ್ಷ ರಣಜಿಗೆ ಬ್ಲೂ, ಅಂದರೆ ಆಕ್ಸ್‌ಫರ್ಡ್ ವಿರುದ್ಧ ಆಡಿದವರಿಗೆ ಸಿಗುವ ಗೌರವ, ಸಿಗಲಿಲ್ಲ. ಆ ಚಳಿಗಾಲ ಜಾಕ್ಸನ್ ಲಾರ್ಡ್ ಹಾಕ್ ತಂಡದ ಜೊತೆ ಭಾರತಕ್ಕೆ ಬಂದು ಆಡಿ ಹೋದರು. 1893ರಲ್ಲಿ ರಣಜಿ ತಂಡದಲ್ಲಿದ್ದರು. ಇಲ್ಲಿಯವರ ಆಟ ನೋಡಿ ಜಾಕ್ಸನ್ ಮನಸ್ಸು ಬದಲಾಯಿಸಿದರು ಅನ್ನೋದು ಒಳ್ಳೆಯದೇ, ಆದರೆ ಪಕ್ಕದಲ್ಲೇ ನೆಟ್ಸ್‌ನಲ್ಲಿದ್ದವನನ್ನು ಗುರುತಿಸೋಕೆ ಸಮುದ್ರ ದಾಟಿ ಬರಬೇಕಿತ್ತಾ? ಇದೇ ಜಾಕ್ಸನ್ ಮುಂದೆ ಬಂಗಾಳದ ಗವರ್ನರ್ ಆದರು. 1932ರಲ್ಲಿ ಕಲ್ಕತ್ತಾ ಯೂನಿವರ್ಸಿಟಿ ಘಟಿಕೋತ್ಸವದಲ್ಲಿ ಬೀನಾ ದಾಸ್ ಗುಂಡು ಹಾರಿಸಿದ್ದು ಇವರ ಮೇಲೆಯೇ. ಗುಂಡು ತಾಗಲಿಲ್ಲ.

ದುಲೀಪ್‌ಸಿನ್ಹಜಿ ಕಾರ್ಡಿಗೆ 1927ರಲ್ಲಿ ಕೇಂಬ್ರಿಜ್‌ನ ಫೆನ್ನರ್ಸ್ ಮೈದಾನದಲ್ಲಿ ಮಿಡಲ್‌ಸೆಕ್ಸ್ ವಿರುದ್ಧ ಹೊಡೆದ ಔಟಾಗದ 254. ಬೇಗ ಮುಗಿಯಿತು.

ಸೀನಿಯರ್ ಪಟೌಡಿ (ಟೈಗರ್ ಪಟೌಡಿಯವರ ಅಪ್ಪ) ಕಾರ್ಡ್ ಮಾತ್ರ ಇಡೀ ಸೆಟ್ಟಿನ ಜೋಡಣೆಯನ್ನೇ ಬದಲಾಯಿಸಿತು. 1931ರ ಆಕ್ಸ್‌ಫರ್ಡ್-ಕೇಂಬ್ರಿಜ್ ಪಂದ್ಯದಲ್ಲಿ ಕೇಂಬ್ರಿಜ್‌ನ ಆಲನ್ ರ‍್ಯಾಟ್‌ಕ್ಲಿಫ್ 201 ಹೊಡೆದರು. ಆ ಪಂದ್ಯದ ಇತಿಹಾಸದಲ್ಲೇ ಮೊದಲ ದ್ವಿಶತಕ. ಮಾರನೇ ದಿನವೇ ಪಟೌಡಿ ಆಕ್ಸ್‌ಫರ್ಡ್ ಪರ ಔಟಾಗದೆ 238! ಪಾಪ ರ‍್ಯಾಟ್‌ಕ್ಲಿಫ್ ದಾಖಲೆ ಒಂದು ದಿನ ಬಾಳಿತು. ಪಟೌಡಿಯದು 2005ರವರೆಗೆ ನಿಂತಿತ್ತು. ಮುರಿದದ್ದು ಸಲಿಲ್ ಒಬೆರಾಯ್, 247. ಅದನ್ನೂ 2013ರಲ್ಲಿ ಸ್ಯಾಮ್ ಅಗರ್ವಾಲ್ ಹಿಂದೆ ಹಾಕಿದರು, ಔಟಾಗದೆ 313. ಮೂವರೂ ಆಕ್ಸ್‌ಫರ್ಡ್. 2020ರ ನಂತರ ಯೂನಿವರ್ಸಿಟಿ ಪಂದ್ಯಗಳಿಗೆ ಫಸ್ಟ್ ಕ್ಲಾಸ್ (ಅಧಿಕೃತ ಉನ್ನತ ಮಟ್ಟದ ಪಂದ್ಯ) ದರ್ಜೆ ಇಲ್ಲವಾದ್ದರಿಂದ ಆ 313 ಸದ್ಯಕ್ಕೆ ಅಲ್ಲೇ ಕೂತಿದೆ. ಹಾಗಾಗಿ ಸುಮ್ನೆ ಇಸವಿ ಪ್ರಕಾರ ಜೋಡಿಸೋದು ಬಿಟ್ಟು ಈ ಮೂರು ಕಾರ್ಡು ಅಕ್ಕಪಕ್ಕ ಇಟ್ಟಿದ್ದೇನೆ. ನೋಡಿದವರಿಗೆ ದಾಖಲೆ ಕೈಯಿಂದ ಕೈಗೆ ಹೋದದ್ದು ತಾನಾಗೇ ಗೊತ್ತಾಗುತ್ತದೆ.

ಜೂನಿಯರ್ ಪಟೌಡಿ ಕಾರ್ಡ್ ಅರ್ಧ ಆಗಿದೆ. ಅಪ್ಪ 1931ರ ಸೀಸನ್‌ನಲ್ಲಿ ಆಕ್ಸ್‌ಫರ್ಡ್ ಪರ 1307 ರನ್ ಹೊಡೆದಿದ್ದರು. ಮಗ 1961ರಲ್ಲಿ ನಾಯಕ, 1216ರವರೆಗೆ ಬಂದಿದ್ದರು. ಜುಲೈ 1ರಂದು ಹೋವ್‌ನಲ್ಲಿ ಕಾರು ಅಪಘಾತ, ಬಲಗಣ್ಣು ಹೋಯಿತು. ಮುಂದಿನದು ನಮಗೆಲ್ಲ ಗೊತ್ತಿರೋದೇ: ನಮ್ಮ ಚಂದ್ರಶೇಖರ್ ಮೊದಲ ಟೆಸ್ಟ್ ಆಡಿದ್ದು ಇವರ ಕೈಕೆಳಗೆ, 1969ರಲ್ಲಿ ಕಾನ್ಪುರದಲ್ಲಿ ವಿಶ್ವನಾಥ್ ಸೊನ್ನೆ ಹೊಡೆದು ಆಮೇಲೆ 137 ಹೊಡೆದದ್ದೂ ಇವರ ತಂಡದಲ್ಲೇ. ಅದೆಲ್ಲ ಈ ಕಾರ್ಡಿಗೆ ಸೇರಿಸಲ್ಲ. ಇಲ್ಲಿ ಬರೋದು 1216 ಮಾತ್ರ.

ಮುಂದಿನದು ಜಹಾಂಗೀರ್ ಖಾನ್. 1936ರಲ್ಲಿ ಲಾರ್ಡ್ಸ್‌ನಲ್ಲಿ ಕೇಂಬ್ರಿಜ್ ಪರ ಬೌಲ್ ಮಾಡುವಾಗ ಇವರ ಚೆಂಡು ತಾಗಿ ಗುಬ್ಬಚ್ಚಿಯೊಂದು ಸತ್ತಿತು. ಆ ಗುಬ್ಬಚ್ಚಿಗೆ ಹುಲ್ಲು ತುಂಬಿ ಲಾರ್ಡ್ಸ್‌ನ ಒಡೆಯ ಕ್ಲಬ್ ಎಂಸಿಸಿಯ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಬೌಲರ್ ಬರೆಯೋದಾ, ಗುಬ್ಬಚ್ಚಿ ಬರೆಯೋದಾ? ಗುಬ್ಬಚ್ಚಿ ಅಂತಲೇ ಅನ್ನಿಸುತ್ತಿದೆ, ಟೋಪಿಯ ಬಣ್ಣವನ್ನು ಅಂಚಿಗೆ ಹಚ್ಚಿದರಾಯಿತು. ಅವರ ಮಗ ಮಜೀದ್ ಖಾನ್ 1971, 72ರಲ್ಲಿ ಕೇಂಬ್ರಿಜ್ ನಾಯಕ. ಮಜೀದ್ ಬಂದರೆ 1974ರ ಆಕ್ಸ್‌ಫರ್ಡ್ ನಾಯಕ ಇಮ್ರಾನ್ ಖಾನ್ ಯಾಕೆ ಬೇಡ ಅನ್ನೋ ಪ್ರಶ್ನೆ ಬರುತ್ತೆ, ಅಲ್ವಾ? ಕೇಂಬ್ರಿಜ್ ಪರ 1957ರಲ್ಲಿ 211 ಹೊಡೆದ ಸಿಲೋನಿನ ಗಾಮಿನಿ ಗುಣಸೇನ ಕೂಡ ಸರದಿಯಲ್ಲಿದ್ದಾರೆ. ಹಾಳೆ ಇನ್ನೊಂದು ಕಟ್ಟು ತರಿಸಿದ್ದೇನೆ.